ಗೋಧಿ ಬಿಟ್ಟವರಿಗೆ ಓಟ್ಸ್ ಒಗ್ಗದಿದ್ದಾಗ

ಸೀಲಿಯಾಕ್ ಕಾಯಿಲೆ ಇದೆಯೆಂದು ಖಚಿತವಾದ ಮೇಲೆ ವೈದ್ಯರು ಮಾತ್ರೆ ಬರೆಯುವುದಿಲ್ಲ, ಊಟದ ತಟ್ಟೆಯನ್ನೇ ಬದಲಿಸಲು ಹೇಳುತ್ತಾರೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನೂ ಅವುಗಳಿಂದಾದ ಎಲ್ಲವನ್ನೂ ಬದುಕಿರುವಷ್ಟು ದಿನ ಬಿಡಬೇಕು. ಬಿಟ್ಟವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಬೇಧಿ ನಿಲ್ಲುತ್ತದೆ, ಹೊಟ್ಟೆಯುಬ್ಬರ ಇಳಿಯುತ್ತದೆ, ಏನು ಕೊಟ್ಟರೂ ಏರದಿದ್ದ ಹಿಮೋಗ್ಲೋಬಿನ್ ಏರತೊಡಗುತ್ತದೆ. ಇಷ್ಟೆಲ್ಲ ಸರಿಹೋದ ಮೇಲೆ ಒಂದು ದಿನ ಮನೆಗೆ ಓಟ್ಸ್ ಪೊಟ್ಟಣ ಬರುತ್ತದೆ. ಅದರ ಮೇಲೆ ‘ಗ್ಲುಟೆನ್ ಫ್ರೀ’ ಎಂದೇ ಅಚ್ಚಾಗಿರುತ್ತದೆ. ನಾಲ್ಕು ದಿನ ಗಂಜಿ ಮಾಡಿಕೊಂಡು ಕುಡಿಯುವಷ್ಟರಲ್ಲಿ ಹೊಟ್ಟೆ ಮತ್ತೆ ಬಿಗಿಯುತ್ತದೆ, ಹಳೆಯ ಕಾಟವೆಲ್ಲ ಮರಳಿದಂತೆ ಅನಿಸುತ್ತದೆ.

ಆಗ ಸುತ್ತಲಿಂದ ಎರಡು ಬಗೆಯ ಮಾತು ಕೇಳಿಬರುತ್ತವೆ. ‘ಅದರಲ್ಲಿ ಗ್ಲುಟೆನ್ ಇಲ್ಲ ಅಂತ ಬರೆದಿದೆಯಲ್ಲ, ಎಲ್ಲ ನಿನ್ನ ಮನಸ್ಸಿನದ್ದು’ ಎಂಬುದು ಒಂದು. ‘ಓಟ್ಸ್‌ನಲ್ಲೂ ಗ್ಲುಟೆನ್ ಇದ್ದೇ ಇದೆ, ಕಂಪನಿಯವರು ಮುಚ್ಚಿಡುತ್ತಾರೆ’ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಪೊಟ್ಟಣದ ಮೇಲಿನ ಬರಹ ಉತ್ತರಿಸುವ ಪ್ರಶ್ನೆ ಒಂದು, ಕರುಳು ಕೇಳುತ್ತಿರುವ ಪ್ರಶ್ನೆ ಬೇರೊಂದು. ವಿಜ್ಞಾನಿಗಳಿಗೆ ಇವೆರಡನ್ನು ಬಿಡಿಸಿ ನೋಡಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಆ ದಾರಿಯನ್ನು ತಿಳಿದುಕೊಂಡರೆ, ಓಟ್ಸ್ ಒಗ್ಗದವರು ತಮ್ಮ ಹೊಟ್ಟೆಯ ಬಗ್ಗೆ ಊಹಾಪೋಹದಲ್ಲಿ ಒದ್ದಾಡಬೇಕಿಲ್ಲ.

ಮೊದಲು ಕಾಯಿಲೆಯ ಬಗ್ಗೆ ಒಂದಿಷ್ಟು. ಸೀಲಿಯಾಕ್ ಎಂಬುದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಗ್ಲುಟೆನ್ನನ್ನು ಶತ್ರುವೆಂದು ಬಗೆದು, ಆ ಹೋರಾಟದಲ್ಲಿ ತನ್ನದೇ ಸಣ್ಣ ಕರುಳಿನ ಒಳಗೋಡೆಯನ್ನು ಹಾಳುಮಾಡಿಕೊಳ್ಳುವ ಕಾಯಿಲೆ ಇದು. ಗ್ಲುಟೆನ್‌ನ ಪ್ರೋಟೀನುಗಳಲ್ಲಿ ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಎರಡು ಅಮೈನೋ ಆಮ್ಲಗಳು ವಿಪರೀತವಾಗಿವೆ. ಪ್ರೋಲಿನ್ ಹೆಚ್ಚಿರುವ ಕಡೆ ನಮ್ಮ ಜೀರ್ಣರಸದ ಕಿಣ್ವಗಳು ಕತ್ತರಿಸಲಾರದೆ ಸೋಲುತ್ತವೆ. ಹೀಗಾಗಿ ಎಲ್ಲರ ಕರುಳಿನಲ್ಲೂ ಗ್ಲುಟೆನ್‌ನ ಉದ್ದುದ್ದ ತುಣುಕುಗಳು ಅರಗದೆ ಉಳಿಯುತ್ತವೆ. ಬಹುಪಾಲು ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಎಚ್‌ಎಲ್‌ಎ ಡಿಕ್ಯು2 ಅಥವಾ ಡಿಕ್ಯು8 ಎಂಬ ಜೀನ್ ಮಾದರಿ ಹೊತ್ತವರಲ್ಲಿ ಕೆಲವರಿಗೆ ಬೇರೆಯದೇ ಕಥೆ. ಕರುಳಿನ ಗೋಡೆಯಲ್ಲಿರುವ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ (ಟಿಟಿಜಿ) ಎಂಬ ಕಿಣ್ವ ಆ ತುಣುಕುಗಳ ಗ್ಲುಟಮಿನ್‌ನಲ್ಲಿ ಚಿಕ್ಕದೊಂದು ರಾಸಾಯನಿಕ ಬದಲಾವಣೆ ಮಾಡುತ್ತದೆ. ಬದಲಾದ ತುಣುಕು ಡಿಕ್ಯು2 ಪ್ರೋಟೀನಿನ ಹಿಡಿತಕ್ಕೆ ಚೆನ್ನಾಗಿ ಕೂರುತ್ತದೆ. ಅದನ್ನು ಕಂಡ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಕೆರಳುತ್ತವೆ. ಆಹಾರ ಹೀರುವ ವಿಲ್ಲೈ ಎಂಬ ಎಳೆಗಳು ಉರಿಯೂತದಲ್ಲಿ ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಗೋಧಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರು 1930ರ ದಶಕದಲ್ಲೇ ಗೋಧಿಯಿಲ್ಲದ ಆಹಾರ ಕೊಟ್ಟು ಗಮನಿಸುತ್ತಿದ್ದರು. 1944–45ರ ಚಳಿಗಾಲದಲ್ಲಿ ಜರ್ಮನ್ ಹಿಡಿತದಡಿ ಆ ದೇಶ ಹಸಿವಿನಿಂದ ನರಳಿತು. ಬ್ರೆಡ್ ಸಿಗದಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದ್ದು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದದ್ದು ಡಿಕೆಯವರ ಅನುಮಾನವನ್ನು ಗಟ್ಟಿಮಾಡಿತು. 1950ರಲ್ಲಿ ಅವರು ತಮ್ಮ ಪ್ರಬಂಧ ಸಲ್ಲಿಸಿದರು. ಮುಂದಿನ ವರ್ಷಗಳಲ್ಲಿ ವೇಯರ್ಸ್ ಮತ್ತು ವಾನ್ ಡೆ ಕಾಮರ್ ಜೊತೆಗೂಡಿ, ಮಕ್ಕಳ ಮಲದಲ್ಲಿ ಹೀರಿಕೆಯಾಗದೆ ಹೋಗುವ ಕೊಬ್ಬನ್ನು ಅಳೆದು, ಯಾವ ಹಿಟ್ಟು ಕೊಟ್ಟಾಗ ಅದು ಏರುತ್ತದೆಂದು ನೋಡಿದರು. ಆ ದಶಕದಲ್ಲೇ ಗೋಧಿ, ರೈ, ಬಾರ್ಲಿಗಳ ಸಾಲಿಗೆ ಓಟ್ಸ್ ಕೂಡ ಸೇರಿಕೊಂಡಿತು.

ಆಗಿನ ತಿಳಿವಳಿಕೆಯಲ್ಲಿ ಅದು ಸರಿಯಾದ ಎಚ್ಚರಿಕೆಯೇ. ಆದರೆ ಆ ಮಕ್ಕಳಿಗೆ ತಿನ್ನಿಸಿದ ಓಟ್ಸ್ ಎಷ್ಟು ಶುದ್ಧವಾಗಿತ್ತು ಎಂದು ಹೇಳುವ ಯಾವ ಪರೀಕ್ಷೆಯೂ ಅಂದು ಇರಲಿಲ್ಲ. ಓಟ್ಸ್ ಗಿಡದ ಪೂರ್ವಜರು ಗೋಧಿ, ಬಾರ್ಲಿ ಹೊಲಗಳ ಕಳೆಗಳು. ಬಿತ್ತಿದ ಬೆಳೆಯ ಜೊತೆಗೇ ಬೆಳೆದು, ಅದರ ಜೊತೆಗೇ ಕಟಾವಾಗಿ, ತಂಪು ನಾಡುಗಳಿಗೆ ಹೋದಾಗ ತಾನೇ ಬೆಳೆಯಾಗಿ ನಿಂತ ಧಾನ್ಯ ಅದು. ಇಂದಿಗೂ ಕೆನಡಾ, ಆಸ್ಟ್ರೇಲಿಯಾ, ಯುರೋಪಿನ ರೈತರು ಒಂದೇ ಹೊಲದಲ್ಲಿ ಒಂದು ವರ್ಷ ಗೋಧಿ, ಇನ್ನೊಂದು ವರ್ಷ ಓಟ್ಸ್ ಬೆಳೆಯುತ್ತಾರೆ. ಕಟಾವು ಯಂತ್ರ, ಲಾರಿ, ಉಗ್ರಾಣ, ಗಿರಣಿ ಎಲ್ಲವೂ ಹಂಚಿಕೆಯವು.

ಓಟ್ಸ್‌ನ ಪ್ರೋಟೀನು ಗೋಧಿಯದ್ದಕ್ಕಿಂತ ಬಹಳ ಭಿನ್ನ. ಗೋಧಿಯ ಪ್ರೋಟೀನಿನಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿ ಗ್ಲುಟೆನ್. ಓಟ್ಸ್‌ನಲ್ಲಿ ಹೆಚ್ಚಿನ ಪಾಲು ಗ್ಲಾಬ್ಯುಲಿನ್ ಎಂಬ ಬೇರೆ ಬಗೆಯ ಪ್ರೋಟೀನು, ಬೇಳೆಕಾಳುಗಳಲ್ಲಿರುವಂಥದ್ದು. ಗ್ಲುಟೆನ್‌ಗೆ ದೂರದ ನೆಂಟನಾದ ಅವೆನಿನ್ ಎಂಬುದು ಅದರಲ್ಲಿ ಶೇ 10ರಿಂದ 15ರಷ್ಟು ಮಾತ್ರ. ಅವೆನಿನ್‌ನಲ್ಲಿ ಪ್ರೋಲಿನ್ ಕಡಿಮೆಯಾದ್ದರಿಂದ ಅದು ಹೊಟ್ಟೆಯಲ್ಲಿ ಹೆಚ್ಚು ಸಲೀಸಾಗಿ ಕತ್ತರಿಸಿಹೋಗುತ್ತದೆ. ಓಟ್ಸ್ ಹಿಟ್ಟನ್ನು ನಾದಿದರೆ ಚಪಾತಿ ಹಿಟ್ಟಿನ ಎಳೆತ ಬರುವುದಿಲ್ಲ, ಲಟ್ಟಿಸುವಾಗ ಅಂಚು ಹರಿಯುತ್ತದೆ. ಹಿಟ್ಟನ್ನು ಹಿಡಿದಿಡುವ ಆ ಜಾಲ ಇಲ್ಲಿಲ್ಲ ಎಂಬುದು ಕೈಗೇ ಗೊತ್ತಾಗುತ್ತದೆ.

ಹಾಗಾದರೆ ಶುದ್ಧ ಓಟ್ಸ್ ಕೊಟ್ಟು ನೋಡಿದರೆ ಏನಾಗುತ್ತದೆ? ಗಟ್ಟಿ ಉತ್ತರ ಬಂದದ್ದು ಫಿನ್ಲೆಂಡಿನಿಂದ. ಓಟ್ಸ್ ಗಂಜಿ ಅಲ್ಲಿನವರ ದಿನನಿತ್ಯದ ಊಟವಾದ್ದರಿಂದ ಈ ಪ್ರಶ್ನೆ ಅವರಿಗೆ ಬಹಳ ಹತ್ತಿರದ್ದಾಗಿತ್ತು. ಕುಓಪಿಯೋ ನಗರದ ವೈದ್ಯರು ಕಾಯಿಲೆ ಹತೋಟಿಗೆ ಬಂದಿದ್ದ 52 ಜನರನ್ನೂ, ಹೊಸದಾಗಿ ಪತ್ತೆಯಾಗಿದ್ದ 40 ಜನರನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ದಿನಕ್ಕೆ ಸುಮಾರು 50 ಗ್ರಾಂ ಓಟ್ಸ್, ಇನ್ನೊಂದಕ್ಕೆ ಓಟ್ಸ್ ಇಲ್ಲದ ಪಥ್ಯ. ಹತೋಟಿಯಲ್ಲಿದ್ದವರನ್ನು ಆರು ತಿಂಗಳು, ಹೊಸಬರನ್ನು ಒಂದು ವರ್ಷ ಗಮನಿಸಿ, ಕರುಳಿನ ಬಯಾಪ್ಸಿ ಮಾಡಿ ಹೋಲಿಸಿದರು. ಓಟ್ಸ್ ತಿಂದವರ ಕರುಳು ತಿನ್ನದವರದ್ದಕ್ಕಿಂತ ಕೆಟ್ಟಿರಲಿಲ್ಲ. 1995ರಲ್ಲಿ ಪ್ರಕಟವಾದ ಈ ವರದಿಯ ನಂತರ ಅದೇ ತಂಡ ಐದು ವರ್ಷಗಳ ಬಳಿಕದ ಸ್ಥಿತಿಯನ್ನೂ ನೋಡಿತು. ಫಲಿತಾಂಶ ಬದಲಾಗಲಿಲ್ಲ. ಓಟ್ಸ್ ನಿಷೇಧದ ಪಟ್ಟಿಯಿಂದ ಹೊರಬರಲು ಶುರುವಾದದ್ದು ಹೀಗೆ.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಓಟ್ಸ್ ಶುದ್ಧವಾಗಿರಲಿಲ್ಲ. ಅಮೆರಿಕದ ಆಹಾರತಜ್ಞೆ ಟ್ರಿಶಿಯಾ ಥಾಂಪ್ಸನ್ 2004ರಲ್ಲಿ ಮೂರು ಬ್ರಾಂಡುಗಳ 12 ಪೊಟ್ಟಣಗಳನ್ನು ಪರೀಕ್ಷೆ ಮಾಡಿಸಿದರು. ಒಂದೇ ಬ್ರಾಂಡಿನ ಒಂದು ಪೊಟ್ಟಣದಲ್ಲಿ ಗ್ಲುಟೆನ್ ಪತ್ತೆಯೇ ಆಗಲಿಲ್ಲ, ಇನ್ನೊಂದರಲ್ಲಿ ನೂರಾರು ಪಿಪಿಎಂ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು 1,807 ಪಿಪಿಎಂ. 2011ರಲ್ಲಿ ಕೆನಡಾದ ಮಾರುಕಟ್ಟೆಯ 133 ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 88ರಷ್ಟು 20 ಪಿಪಿಎಂ ಮಿತಿಯನ್ನು ದಾಟಿದ್ದವು.

ಈ 20 ಪಿಪಿಎಂ ಎಂದರೇನೆಂದು ನಿಧಾನವಾಗಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಓಟ್ಸ್‌ನ ಇಡೀ ತಕರಾರು ಈ ಲೆಕ್ಕದಲ್ಲೇ ಅಡಗಿದೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಎಂದರೆ 20 ಪಿಪಿಎಂ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ, ಅಮೆರಿಕ, ಯುರೋಪು, ನಮ್ಮ ಎಫ್‌ಎಸ್‌ಎಸ್‌ಎಐ, ಎಲ್ಲವೂ ಗ್ಲುಟೆನ್ ಫ್ರೀ ಎಂಬ ಹೆಸರಿಗೆ ಇಟ್ಟಿರುವ ಮಿತಿ ಇದೇ. ಒಂದು ಹೊತ್ತಿಗೆ ಒಬ್ಬರು 50 ಗ್ರಾಂ ಓಟ್ಸ್ ಬೇಯಿಸಿದರೆ ಅದರಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ ಗ್ಲುಟೆನ್ ಇರಬಹುದು. ಈಗ ಒಂದು ಗೋಧಿ ಕಾಳನ್ನು ತೂಗಿ ನೋಡಿ. ಸುಮಾರು 40 ಮಿಲಿಗ್ರಾಂ. ಅದರ ಎಂಟನೇ ಒಂದು ಭಾಗ ಪ್ರೋಟೀನು, ಅದರಲ್ಲಿ ಮುಕ್ಕಾಲು ಪಾಲು ಗ್ಲುಟೆನ್. ಅಂದರೆ ಒಂದು ಕಾಳಿನಲ್ಲಿ ಹತ್ತಿರಹತ್ತಿರ ನಾಲ್ಕು ಮಿಲಿಗ್ರಾಂ ಗ್ಲುಟೆನ್. ಐವತ್ತು ಗ್ರಾಂ ಓಟ್ಸ್‌ನಲ್ಲಿ ಸುಮಾರು ಎರಡು ಸಾವಿರ ಕಾಳುಗಳಿರುತ್ತವೆ. ಆ ಎರಡು ಸಾವಿರದಲ್ಲಿ ಒಂದೇ ಒಂದು ಗೋಧಿ ಕಾಳು ಬೆರೆತರೂ ಆ ಬಟ್ಟಲು ಮಿತಿಯನ್ನು ಮೂರು ನಾಲ್ಕು ಪಟ್ಟು ಮೀರಿತು.

ಆ ಒಂದು ಕಾಳು ಒಂದು ದಿನದಲ್ಲಿ ಕರುಳನ್ನು ಕೆಡಿಸಿಬಿಡುವುದಿಲ್ಲ, ಇದನ್ನೂ ಹೇಳಲೇಬೇಕು. ಇಟಲಿಯ ಕಾರ್ಲೊ ಕತಾಸ್ಸಿ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ಸೇವಿಸಿದವರ ವಿಲ್ಲೈಗಳಲ್ಲಿ ಅಳೆಯಬಹುದಾದ ಹಾನಿ ಕಂಡಿತು. ಆದರೆ ಥಾಂಪ್ಸನ್ ಅವರಿಗೆ ಸಿಕ್ಕಿದ ಆ 1,807 ಪಿಪಿಎಂ ಓಟ್ಸ್‌ನ 50 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 90 ಮಿಲಿಗ್ರಾಂ. ಅದನ್ನು ಪಥ್ಯವೆಂದು ನಂಬಿ ದಿನವೂ ತಿನ್ನುತ್ತಿದ್ದವರು ಎಷ್ಟು ಜನರೋ!

ಕಾಳಿನ ಬೆರಕೆ ಹಿಟ್ಟಿನ ಬೆರಕೆಯಂತೆ ಸಮನಾಗಿ ಹರಡಿಕೊಳ್ಳುವುದಿಲ್ಲ. ಒಂದು ಪೊಟ್ಟಣದಲ್ಲಿ ಇರುತ್ತದೆ, ಪಕ್ಕದ್ದರಲ್ಲಿ ಇರುವುದಿಲ್ಲ. ಕಾರ್ಖಾನೆಯಲ್ಲಿ ಒಂದು ಹಿಡಿ ಮಾದರಿ ತೆಗೆದು ಪರೀಕ್ಷಿಸಿದಾಗ ಆ ಕಾಳು ಆ ಹಿಡಿಯೊಳಗೆ ಬರದಿದ್ದರೆ ವರದಿ ಶುದ್ಧವೆಂದೇ ಹೇಳುತ್ತದೆ. ಇಂಥ ಬೆರಕೆ ತಪ್ಪಿಸಲು ಎರಡು ದಾರಿಗಳಿವೆ. ಬೀಜದಿಂದ ಪೊಟ್ಟಣದವರೆಗೆ ಗೋಧಿ, ಬಾರ್ಲಿಯ ಸೋಂಕು ತಾಗದಂತೆ ಬೇರೆಯದೇ ಹೊಲ, ಬೇರೆಯದೇ ಕಟಾವು ಯಂತ್ರ, ಬೇರೆಯದೇ ಗಿರಣಿ ಇಟ್ಟುಕೊಳ್ಳುವುದು ಒಂದು. ಸಾಮಾನ್ಯ ಓಟ್ಸ್ ಕೊಂಡು, ಯಂತ್ರದ ಜರಡಿ ಮತ್ತು ಕ್ಯಾಮೆರಾ ಕಣ್ಣುಗಳಿಂದ ಅನ್ಯ ಕಾಳುಗಳನ್ನು ಆರಿಸಿ ತೆಗೆಯುವುದು ಇನ್ನೊಂದು. ಬಾರ್ಲಿ ಕಾಳು ಗಾತ್ರದಲ್ಲೂ ಆಕಾರದಲ್ಲೂ ಓಟ್ಸ್‌ಗೆ ಹತ್ತಿರವಾದ್ದರಿಂದ ಎರಡನೆಯ ದಾರಿ ಕಷ್ಟದ್ದು. ನನ್ನ ಮಟ್ಟಿಗೆ ಮೊದಲನೆಯದೇ ನಂಬಿಕೆಗೆ ಹೆಚ್ಚು ಅರ್ಹ. ಆದರೆ ಯಾವ ದಾರಿಯಾದರೂ ಸಾಗಣೆಯಲ್ಲಿ ಎಡವಬಹುದು. 2015ರ ಅಕ್ಟೋಬರಿನಲ್ಲಿ ಅಮೆರಿಕದ ಜನರಲ್ ಮಿಲ್ಸ್ ಕಂಪನಿ ಗ್ಲುಟೆನ್ ಫ್ರೀ ಎಂದು ಮಾರಿದ್ದ ಚೀರಿಯೋಸ್‌ನ 18 ಲಕ್ಷ ಡಬ್ಬಗಳನ್ನು ವಾಪಸ್ ಕರೆಸಿಕೊಂಡಿತು. ಕ್ಯಾಲಿಫೋರ್ನಿಯಾದ ಅದರ ಕಾರ್ಖಾನೆಗೆ ಓಟ್ಸ್ ಹಿಟ್ಟನ್ನು ರೈಲಿನಿಂದ ಲಾರಿಗೆ ಬದಲಾಯಿಸುವಾಗ ಗೋಧಿ ಹಿಟ್ಟು ಬೆರೆತಿತ್ತು.

ಇಷ್ಟೆಲ್ಲ ಬೆರಕೆಯ ಮಾತಾಯಿತು. ಬೆರಕೆಯೇ ಇಲ್ಲದ ಓಟ್ಸ್ ತಿಂದೂ ಕಾಯಿಲೆ ಕೆರಳುವವರು ಇದ್ದಾರೆಯೇ? ಇದ್ದಾರೆ. ಇದನ್ನು ತೋರಿಸಿದ್ದು ನಾರ್ವೆಯ ವೈದ್ಯರು. ಕ್ನುಟ್ ಲುಂಡಿನ್ ತಂಡದ 2003ರ ಅಧ್ಯಯನದಲ್ಲಿ 19 ಜನ ದಿನಕ್ಕೆ 50 ಗ್ರಾಂ ಓಟ್ಸ್ ಅನ್ನು 12 ವಾರ ತಿಂದರು. ಹೆಚ್ಚಿನವರಿಗೆ ಒಗ್ಗಿತು, ಕೆಲವರಿಗೆ ಮೊದಮೊದಲು ಹೊಟ್ಟೆಯುಬ್ಬರ ಕಾಡಿತು. ಒಬ್ಬ ಮಹಿಳೆಗೆ ಮಾತ್ರ ವಿಲ್ಲೈಗಳು ಸವೆದವು, ಮೈಮೇಲೆ ದದ್ದು ಎದ್ದಿತು. ಓಟ್ಸ್ ನಿಲ್ಲಿಸಿದಾಗ ಗುಣವಾದರು. ಮತ್ತೊಮ್ಮೆ ಕೊಟ್ಟು ನೋಡಿದಾಗ ಕರುಳು ಮೊದಲಿಗಿಂತ ಹೆಚ್ಚು ಹಾಳಾಯಿತು. ಮರುವರ್ಷ ಅದೇ ದೇಶದ ವಿಜ್ಞಾನಿಗಳು ಓಟ್ಸ್ ತಿನ್ನುತ್ತಿದ್ದ ಒಂಬತ್ತು ಜನ ಸೀಲಿಯಾಕ್ ರೋಗಿಗಳ ಕರುಳನ್ನು ಪರೀಕ್ಷಿಸಿ, ಕೆಲವರಲ್ಲಿ ಅವೆನಿನ್ ತುಣುಕನ್ನೇ ಗುರುತಿಸಿ ಕೆರಳುವ ಟಿ ಕೋಶಗಳನ್ನು ಬೇರ್ಪಡಿಸಿ ತೋರಿಸಿದರು. ಗೋಧಿಯ ಸುಳಿವೇ ಇಲ್ಲದೆ ಓಟ್ಸ್ ತಾನಾಗಿ ಈ ಕಾಯಿಲೆಯನ್ನು ಕೆರಳಿಸಬಲ್ಲದು ಎಂಬುದಕ್ಕೆ ಅದು ನೇರ ಸಾಕ್ಷ್ಯ.

ಅಂಥವರು ಎಷ್ಟು ಜನ? ಆಸ್ಟ್ರೇಲಿಯಾದ ಸಂಶೋಧಕರು ಈ ಪ್ರಶ್ನೆಯನ್ನು ಬೆನ್ನುಹತ್ತಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 73 ಜನರಿಗೆ ಮೂರು ದಿನ ದಿನಕ್ಕೆ 100 ಗ್ರಾಂ ಓಟ್ಸ್ ಕೊಟ್ಟು ರಕ್ತ ಪರೀಕ್ಷಿಸಿದಾಗ ಆರು ಜನರಲ್ಲಿ, ಎಂದರೆ ಶೇ 8ರಷ್ಟು ಮಂದಿಯಲ್ಲಿ, ಅವೆನಿನ್‌ಗೆ ಕೆರಳಿದ ಟಿ ಕೋಶಗಳು ಕಂಡವು. ಬಾರ್ಲಿಯ ಪ್ರೋಟೀನಿನ ಕೆಲವು ತುಣುಕುಗಳು ಅವೆನಿನ್‌ನವನ್ನು ಹೋಲುತ್ತವೆ. ಹಾಗಾಗಿ ಬಾರ್ಲಿಯನ್ನು ಶತ್ರುವೆಂದು ಗುರುತಿಸಲು ಕಲಿತ ಕೋಶ ಓಟ್ಸ್‌ನ ಮೇಲೂ ಎರಗುತ್ತದೆ. ಈಚಿನ ವರ್ಷಗಳಲ್ಲಿ ಮೆಲ್ಬರ್ನ್‌ನ ವಾಲ್ಟರ್ ಆ್ಯಂಡ್ ಎಲೈಜಾ ಹಾಲ್ ಸಂಸ್ಥೆಯ ಜೇಸನ್ ಟೈ-ಡಿನ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಓಟ್ಸ್‌ನ ಬದಲು ಅದರಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಅವೆನಿನ್ನನ್ನೇ ರೋಗಿಗಳಿಗೆ ಕುಡಿಸಿ ನೋಡಿತು. ಅಲ್ಲಿ ಬೆರಕೆಯ ಅನುಮಾನಕ್ಕೂ ಜಾಗವಿಲ್ಲ, ನಾರಿನ ನೆಪಕ್ಕೂ ಜಾಗವಿಲ್ಲ. ಶೇ 38ರಷ್ಟು ಜನರ ರಕ್ತದಲ್ಲಿ ಟಿ ಕೋಶಗಳು ಎಚ್ಚೆತ್ತವು, ಶೇ 59ರಷ್ಟು ಮಂದಿ ಹೊಟ್ಟೆಯ ತೊಂದರೆ ಅನುಭವಿಸಿದರು. ಒಬ್ಬರಿಗೆ ಮಾತ್ರ ವಾಂತಿಯೊಂದಿಗೆ ಗೋಧಿ ತಿಂದಾಗಿನಂಥ ತೀವ್ರ ಪ್ರತಿಕ್ರಿಯೆ ಬಂತು. ವಾರಗಟ್ಟಲೆ ಅವೆನಿನ್ ಮುಂದುವರಿಸಿದವರಲ್ಲಿ ತೊಂದರೆ ಕ್ರಮೇಣ ತಗ್ಗಿತು, ಕರುಳು ಹಾಳಾಗಲಿಲ್ಲ.

ಈ ಫಲಿತಾಂಶವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ‘ಓಟ್ಸ್ ತಿಂದರೆ ಏನೋ ಆಗುತ್ತದೆ’ ಎಂದವರನ್ನು ಇಷ್ಟು ವರ್ಷ ಅನುಮಾನದಿಂದ ನೋಡಲಾಯಿತು. ಅವರಲ್ಲಿ ಹಲವರ ಮಾತು ನಿಜವಾಗಿತ್ತು. ಅವರ ದೇಹ ಅವೆನಿನ್ನನ್ನು ಗುರುತಿಸುತ್ತಿತ್ತು. ಆದರೆ ಗುರುತಿಸುವುದೆಲ್ಲ ಹಾನಿಯಾಗಿ ಪರಿಣಮಿಸುವುದಿಲ್ಲ. ಹಾನಿಯಾಗಲು ಬೇಕಾದಷ್ಟು ತೀವ್ರತೆ ಹೆಚ್ಚಿನವರಲ್ಲಿ ಹುಟ್ಟುವುದಿಲ್ಲ, ಹುಟ್ಟುವ ಕೆಲವರಲ್ಲಿ ಅದು ಗೋಧಿಯಷ್ಟೇ ಅಪಾಯ.

ಗ್ಲುಟೆನ್ ಫ್ರೀ ಚೀಟಿ ಏನನ್ನು ಹೇಳುವುದಿಲ್ಲ ಎಂಬುದು ಈಗ ಸ್ಪಷ್ಟವಾಗುತ್ತದೆ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಆರ್5 ಎಂಬ ಪ್ರತಿಕಾಯದ ಪರೀಕ್ಷೆ ಗೋಧಿ, ಬಾರ್ಲಿ, ರೈಗಳ ಪ್ರೋಟೀನನ್ನು ಹಿಡಿಯುತ್ತದೆ, ಅವೆನಿನ್ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲಿನ ಬರಹ ಸುಳ್ಳಲ್ಲ. ‘ಇದರಲ್ಲಿ ಗೋಧಿ, ಬಾರ್ಲಿ, ರೈ ಮಿತಿ ಮೀರಿ ಬೆರೆತಿಲ್ಲ’ ಎಂದಷ್ಟೇ ಅದು ಭರವಸೆ ಕೊಡುತ್ತದೆ. ‘ಇದು ನಿನಗೆ ಒಗ್ಗುತ್ತದೆ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಕೋಡೆಕ್ಸ್ ಮಾನದಂಡವೇ ಓಟ್ಸ್ ಹೆಚ್ಚಿನವರಿಗೆ ಸರಿಹೊಂದುತ್ತದೆ, ಎಲ್ಲರಿಗೂ ಅಲ್ಲ ಎಂದು ಒಪ್ಪಿಕೊಂಡು, ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಎಷ್ಟೇ ಶುದ್ಧವಾಗಿದ್ದರೂ ಓಟ್ಸ್ ಮೇಲೆ ಗ್ಲುಟೆನ್ ಫ್ರೀ ಎಂದು ಬರೆಯುವಂತಿಲ್ಲ. ಭಾರತದಲ್ಲಿ ಓಟ್ಸ್ ಬೆಳೆಯುವುದು ಹೆಚ್ಚಾಗಿ ದನಗಳ ಹಸಿರು ಮೇವಿಗೆ. ನಾವು ತಿನ್ನುವ ಓಟ್ಸ್‌ನ ದೊಡ್ಡ ಪಾಲು ಬರುವುದು ಅದೇ ಆಸ್ಟ್ರೇಲಿಯಾದಿಂದ.

ಓಟ್ಸ್ ತಿಂದು ಹೊಟ್ಟೆ ಕೆಟ್ಟರೆ ಅದಕ್ಕೆ ಟಿ ಕೋಶವೇ ಕಾರಣವಾಗಬೇಕಿಲ್ಲ. ಗೋಧಿ ಬಿಟ್ಟವರು ಬಿಳಿ ಅಕ್ಕಿಯ ಮೇಲೇ ನಿಂತಿದ್ದರೆ ಅವರ ಊಟದಲ್ಲಿ ನಾರು ಕಡಿಮೆ ಇರುತ್ತದೆ. ಒಮ್ಮೆಗೇ ದಿನಕ್ಕೆ 50–60 ಗ್ರಾಂ ಓಟ್ಸ್ ಶುರುಮಾಡಿದರೆ ಐದಾರು ಗ್ರಾಂ ನಾರು ಹೆಚ್ಚಾಗಿ ಬೀಳುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ಇದು ಒಂದೆರಡು ವಾರದಲ್ಲಿ ಇಳಿಯುತ್ತದೆ. ಇನ್ನೊಂದು ಕಾರಣ ಅನೇಕರ ಗಮನಕ್ಕೇ ಬರುವುದಿಲ್ಲ: ಹಾಲು. ಲ್ಯಾಕ್ಟೇಸ್ ಎಂಬ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇರುವುದು ವಿಲ್ಲೈಗಳ ತುದಿಯಲ್ಲಿ. ವಿಲ್ಲೈ ಸವೆದಿರುವಾಗ ಲ್ಯಾಕ್ಟೇಸೂ ಕಡಿಮೆ. ಕಾಯಿಲೆ ಪತ್ತೆಯಾದ ಹೊಸದರಲ್ಲಿ ಓಟ್ಸ್ ಅನ್ನು ಒಂದು ದೊಡ್ಡ ಲೋಟ ಹಾಲಿನಲ್ಲಿ ಬೇಯಿಸಿ ಕುಡಿದರೆ ಹೊಟ್ಟೆ ಗುಡುಗುಡು ಎನ್ನುವುದು ಹಾಲಿಗೇ ಇರಬಹುದು. ಅದನ್ನೇ ನೀರಿನಲ್ಲಿ ಬೇಯಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನು ಮಸಾಲೆ ಓಟ್ಸ್, ಬಿಸ್ಕತ್ತು, ಮ್ಯೂಸ್ಲಿಗಳಲ್ಲಿ ಗೋಧಿ ಅಥವಾ ಬಾರ್ಲಿ ಮಾಲ್ಟ್ ನೇರವಾಗಿಯೇ ಇರುವುದುಂಟು. ಓಟ್ಸ್ ಇಡ್ಲಿ ಎಂದು ಹೋಟೆಲಿನಲ್ಲಿ ಕೊಡುವುದರಲ್ಲಿ ಸಾಮಾನ್ಯವಾಗಿ ರವೆ ಬೆರೆತಿರುತ್ತದೆ. ರವೆ ಗೋಧಿಯೇ.

ಹೊಟ್ಟೆ ಒಳ್ಳೆಯ ಸಾಕ್ಷಿಯಲ್ಲ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹೊಟ್ಟೆ ಉಬ್ಬಿದರೂ ಕರುಳು ಚೆನ್ನಾಗಿರಬಹುದು. ಹೊಟ್ಟೆ ತೆಪ್ಪಗಿದ್ದರೂ ಕರುಳು ಒಳಗೊಳಗೇ ಸವೆಯುತ್ತಿರಬಹುದು. ಸೀಲಿಯಾಕ್ ಇದ್ದೂ ಹೊಟ್ಟೆಯ ಯಾವ ತೊಂದರೆಯೂ ಇಲ್ಲದೆ, ರಕ್ತಹೀನತೆ ಅಥವಾ ಮೂಳೆ ಸವೆತದಿಂದ ಮಾತ್ರ ಪತ್ತೆಯಾಗುವವರು ಬಹಳ. ಅದಕ್ಕೇ ಓಟ್ಸ್ ಶುರುಮಾಡುವುದಕ್ಕೂ ಒಂದು ಕ್ರಮವಿದೆ. ಗೋಧಿ ಬಿಟ್ಟು ಆರು ತಿಂಗಳೋ ವರ್ಷವೋ ಕಳೆದು, ತೊಂದರೆಗಳು ನಿಂತು, ಟಿಟಿಜಿ ಪ್ರತಿಕಾಯದ ರಕ್ತಪರೀಕ್ಷೆ ಸಹಜ ಮಟ್ಟಕ್ಕೆ ಇಳಿದ ಮೇಲೆ, ನಂಬಿಕಸ್ಥ ಶುದ್ಧ ಓಟ್ಸ್ ಅನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು. ದೊಡ್ಡವರಿಗೆ ದಿನಕ್ಕೆ 50ರಿಂದ 70 ಗ್ರಾಂ, ಮಕ್ಕಳಿಗೆ 20ರಿಂದ 25 ಗ್ರಾಂ ದಾಟದಂತೆ ನೋಡಿಕೊಳ್ಳುವುದು. ಕೆಲವು ತಿಂಗಳ ಬಳಿಕ ರಕ್ತಪರೀಕ್ಷೆ ಮತ್ತೆ ಮಾಡಿಸುವುದು. ಆಸ್ಟ್ರೇಲಿಯಾದ ವೈದ್ಯರು ಓಟ್ಸ್ ತಿನ್ನುವ ಮೊದಲೂ, ಮೂರು ತಿಂಗಳು ತಿಂದ ಮೇಲೂ ಎಂಡೋಸ್ಕೋಪಿ ಮಾಡಿ ಬಯಾಪ್ಸಿ ನೋಡಲು ಸಲಹೆ ಕೊಡುತ್ತಾರೆ. ಎಲ್ಲರಿಗೂ ಇದು ಸಾಧ್ಯವಾಗದು, ನಿಜ. ಆದರೆ ಒಮ್ಮೆಗೇ ಅರ್ಧ ಕಿಲೋ ಪೊಟ್ಟಣ ತಂದು, ಕಾಯಿಲೆ ಇನ್ನೂ ಕೆರಳಿರುವಾಗಲೇ ಬೆಳಗಿನ ತಿಂಡಿಯಾಗಿಸಿಕೊಳ್ಳುವುದು ಖಂಡಿತ ಬೇಡ. ಆ ಸ್ಥಿತಿಯಲ್ಲಿ ಏನಾದರೂ ಆದರೆ ಕಾರಣ ಹುಡುಕುವುದು ಯಾರಿಂದಲೂ ಆಗದು.

ಓಟ್ಸ್ ಪರವಾಗಿಯೂ ಗಟ್ಟಿ ಮಾತಿದೆ. 2017ರಲ್ಲಿ 28 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಓಟ್ಸ್‌ನಿಂದ ಕರುಳಿಗಾಗಲಿ ಪ್ರತಿಕಾಯದ ಮಟ್ಟಕ್ಕಾಗಲಿ ಹಾನಿಯಾದ ಪುರಾವೆ ಸಿಗಲಿಲ್ಲ. ಆ ಅಧ್ಯಯನಗಳ ಗುಣಮಟ್ಟ ಅಷ್ಟೇನೂ ಮೇಲಿಲ್ಲ ಎಂದು ಅದೇ ವಿಶ್ಲೇಷಕರು ಹೇಳಿದ್ದಾರೆ. ಓಟ್ಸ್‌ನ ಬೀಟಾ ಗ್ಲುಕಾನ್ ನಾರು ಕೊಲೆಸ್ಟರಾಲ್ ಇಳಿಸುತ್ತದೆ. ಫಿನ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಬೇರೆ ಧಾನ್ಯದ ಆಯ್ಕೆ ಕಡಿಮೆ ಇರುವವರಿಗೆ ಓಟ್ಸ್ ಮರಳಿ ಸಿಕ್ಕಿದ್ದು ದೊಡ್ಡ ಸಮಾಧಾನ.

ನಮ್ಮ ಕಡೆಯ ಪರಿಸ್ಥಿತಿ ಬೇರೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣದ 23,331 ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ಸೀಲಿಯಾಕ್ ಶೇ 1.23ರಷ್ಟಿದ್ದರೆ ದಕ್ಷಿಣದಲ್ಲಿ ಶೇ 0.10 ಮಾತ್ರ. ಕಾಯಿಲೆಗೆ ದಾರಿಮಾಡಿಕೊಡುವ ಜೀನ್ ಮಾದರಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಆ ದಕ್ಷಿಣದ ಸಮೀಕ್ಷೆ ನಡೆದದ್ದು ತಮಿಳುನಾಡಿನಲ್ಲಿ. ಆದರೆ ಅನ್ನ, ಮುದ್ದೆ, ರೊಟ್ಟಿ ಬಿಟ್ಟು ಎರಡು ಹೊತ್ತೂ ಚಪಾತಿಗೆ ತಿರುಗಿರುವ ಕರ್ನಾಟಕದ ಮನೆಗಳೂ ಇದನ್ನು ಗಮನಿಸಬೇಕು. ನಮ್ಮಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ ಎಂದುಕೊಂಡು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವವರಿದ್ದಾರೆ.

ಕಾಯಿಲೆ ಇದ್ದವರಿಗೆ ನಮ್ಮ ಅಡುಗೆಮನೆ ದೊಡ್ಡ ಆಸರೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ನಾರು ಬೇಕೆಂದರೆ ರಾಗಿಯಲ್ಲೇ ಧಾರಾಳವಾಗಿದೆ, ಜೊತೆಗೆ ಓಟ್ಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಕ್ಯಾಲ್ಸಿಯಂ. ಹಾಗೆಂದು ಅಪಾಯವಿಲ್ಲವೆಂದಲ್ಲ. ಬೀದಿಯ ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಸರದಿಗೆ ಮೊದಲು ಗೋಧಿ ಬೀಸಿದ್ದರೆ, ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದ ಮಡಿಕೆಯಲ್ಲಿ ಉಳಿದ ಹಿಟ್ಟು ನಿಮ್ಮ ರಾಗಿಯೊಳಗೆ ಬೀಳುತ್ತದೆ. ಮೇಲೆ ನೋಡಿದ ಓಟ್ಸ್‌ನ ಲೆಕ್ಕ ಇಲ್ಲಿಗೂ ಅನ್ವಯ. ಒಗ್ಗರಣೆಯ ಇಂಗು ಇನ್ನೊಂದು ಕಣ್ತಪ್ಪುವ ಜಾಗ. ಅಂಗಡಿಯ ಇಂಗಿನ ಪುಡಿಯಲ್ಲಿ ಇಂಗಿನ ಪಾಲು ಕಡಿಮೆ, ಅದನ್ನು ಹದಗೊಳಿಸಲು ಬೆರೆಸುವುದು ಹೆಚ್ಚಾಗಿ ಗೋಧಿ ಹಿಟ್ಟು ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬದ ಹಿಂಬದಿ ಓದಿಯೇ ಕೊಳ್ಳಬೇಕು. ಅನೇಕ ಸಲ ಓಟ್ಸ್ ಒಗ್ಗಲಿಲ್ಲ ಎಂದು ದೂರುವವರ ಓಟ್ಸ್ ಉಪ್ಪಿಟ್ಟಿನ ಒಗ್ಗರಣೆಯಲ್ಲೇ ಗೋಧಿ ಇರಬಹುದು.

ಆದ್ದರಿಂದ ಕನ್ನಡದ ಓದುಗರಿಗೆ ನನ್ನ ಸಲಹೆ ನೇರವಾಗಿದೆ. ಸೀಲಿಯಾಕ್ ಇರುವವರಿಗೆ ಓಟ್ಸ್ ಅನಿವಾರ್ಯವಲ್ಲ, ತಿಂದು ತೊಂದರೆಯಾದರೆ ಬಿಟ್ಟುಬಿಡಲು ಸಂಕೋಚಪಡಬೇಡಿ. ಆದರೆ ಬಿಟ್ಟು ಸುಮ್ಮನಾಗಬೇಡಿ. ಎಂಥ ಓಟ್ಸ್, ಎಷ್ಟು ಗ್ರಾಂ, ಎಷ್ಟು ದಿನ, ಯಾವುದರ ಜೊತೆ ತಿಂದಿರಿ ಎಂಬುದನ್ನು ಬರೆದಿಟ್ಟುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ, ಟಿಟಿಜಿ ಪರೀಕ್ಷೆ ಮಾಡಿಸಿ. ಮಗುವಿಗೆ ಹೀಗಾಗಿದ್ದರೆ ‘ತಿನ್ನಲು ಸೋಮಾರಿತನ’ ಎಂದು ಗದರಬೇಡಿ. ಕಾಯಿಲೆ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿರುವವರಿಗೆ ಇನ್ನೂ ಒಂದು ಮಾತು: ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಪ್ರತಿಕಾಯ ಇಳಿಯುತ್ತದೆ, ಕರುಳು ಚೇತರಿಸುತ್ತದೆ, ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲವೆಂದೇ ಹೇಳುತ್ತದೆ.